ಒಂಬತ್ತನೆಯ ಲಿಂಬೆ

ಸೆಪ್ಟೆಂಬರ್ 20, ಮಂಗಳವಾರ

ಕೊಂಪಾದ್ರೆ ಎವರಿಸ್ಟೊ,

ಇಲ್ಲ ಕಣಯ್ಯ, ಅದು ಅಷ್ಟು ಸುಲಭವಲ್ಲ. ನಿನ್ನೆ ಫೋನಿನಲ್ಲಿ ನೀನು, "ಹೋಗೋ ಅಧ್ಯಕ್ಷನಿಗೆ ಯಾಕಪ್ಪ ಕೋರ್ಟಿನ ಕುರ್ಚಿ ಉಸಾಬರಿ? ಜನ ಓಟು ಹಾಕ್ಲಿ, ಬರೋನು ತುಂಬ್ಲಿ" ಎಂದೆ. ನಾನು ಉತ್ತರ ಹುಡುಕುವಷ್ಟರಲ್ಲಿ ನಿನ್ನ ಸೆನೆಟ್ ಆಫೀಸಿನ ಹುಡುಗಿ ಮೀಟಿಂಗಿಗೆ ಕರೆದಳು. ಅದಕ್ಕೇ ಈ ಕಾಗದ. ಒಫೀಲಿಯಾಳ ಮಣ್ಣಿಗೆ ನೀನು ಕಳಿಸಿದ ಹೂವಿಗೂ ಎರಡು ವರ್ಷದಿಂದ ಉತ್ತರ ಬರೆದಿಲ್ಲ. ಅದನ್ನೂ ಸೇರಿಸಿ ಕ್ಷಮಿಸಿಬಿಡು. ಹೆಂಡತಿಯಿಲ್ಲದ ಮನೆಯಲ್ಲಿ ಪೆನ್ನೂ ಸಿಗುವುದಿಲ್ಲ.

ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಲಿಂಬೆ ಮರ ಈ ಸಲ ಮೈತುಂಬ ಬಿಟ್ಟಿದೆ. ನನ್ನ ಮಂಡಿ ಹಾಗೇ ಇದೆ. ನನ್ನ ಮಗ ನಿಕೊಗೆ ದಿನ ಗೊತ್ತುಮಾಡಿದ್ದಾರೆ: ಡಿಸೆಂಬರ್ ಏಳು, ಸಂಜೆ ಆರು ಗಂಟೆ.

ಗುಂಡು ಹಾರಿಸಿದವನು ಇನ್ನೊಬ್ಬ ಎಂದು ನಿನಗೆ ಗೊತ್ತು. ನಿಕೊ ಅಂಗಡಿಯ ಹೊರಗೆ ಕಾರಿನಲ್ಲಿ ಕೂತಿದ್ದ. ಸತ್ತ ಅಂಗಡಿಯವನ ಹೆಂಡತಿ ಚರ್ಚಿನಲ್ಲಿ ಎದುರಾದರೆ ಈಗಲೂ ನನ್ನ ತಲೆ ಏಳುವುದಿಲ್ಲ. ಆದರೆ ಕಾರಿನಲ್ಲಿ ಕೂತವನಿಗೂ ಅದೇ ಮರಣದಂಡನೆ, ಅದೇ ವಿಷದ ಸೂಜಿಯೇ? ಈ ಒಂದು ಪ್ರಶ್ನೆ ಈಗ ಅತಿ ದೊಡ್ಡ ಕೋರ್ಟಿನ ಮುಂದಿದೆ.

ಶನಿವಾರ ನಮ್ಮ ವಕೀಲೆ ಡೋರಾ ಬಂದಿದ್ದಳು. ಆ ಕೋರ್ಟಿನ ಒಂಬತ್ತು ಕುರ್ಚಿಗಳಲ್ಲಿ ಒಂದು ಖಾಲಿ; ನನಗೆ ತಿಳಿಯಲೆಂದು ಉಳಿದ ಜಡ್ಜಿಗಳ ಲೆಕ್ಕಕ್ಕೆ ಅಡುಗೆಮನೆಯ ಮೇಜಿನ ಮೇಲೆ ಎಂಟು ಲಿಂಬೆಹಣ್ಣು ಇಟ್ಟಳು, ನಿಕೊಗೆ ಕಿವಿಗೊಡುವವರು ಈ ಕಡೆ ನಾಲ್ಕು, ಕೊಡದವರು ಆ ಕಡೆ ನಾಲ್ಕು.

"ಕೇಸು ಕೇಳೋಕೆ ನಾಲ್ಕು ಜಡ್ಜಿಗಳು ಸಾಕು. ಅಲ್ಲೀವರೆಗೆ ಶಿಕ್ಷೆ ತಡೆಯೋಕೆ ಐದು ಬೇಕು."

"ಅಂದ್ರೆ, ಕೇಳ್ತೀವಿ ಅಂತ ಒಪ್ಕೊಂಡು, ಕೇಳೋದ್ರೊಳಗೆ ಹುಡುಗನ್ನ ಮುಗಿಸಿಬಿಡ್ತಾರಾ?"

"ಆಗಬಹುದು. ಇಂಥ ಹೊತ್ತಲ್ಲಿ ಆ ಕಡೆಯವರೊಬ್ರು ಮರ್ಯಾದೆಗಾದ್ರೂ ಐದನೇ ಓಟು ಕೊಡೋದುಂಟು. ಅದನ್ನ ನಂಬ್ಕೊಂಡು ಕೂರೋಕಾಗಲ್ಲ."

ನಾನು ಹಿತ್ತಲಿಗೆ ಹೋಗಿ ಒಂದು ಕಾಯಿ ಕಿತ್ತು ತಂದು ಈ ಕಡೆ ಇಟ್ಟೆ. "ಈಗ?" ಎಂದೆ.

ಡೋರಾ ನಗಲಿಲ್ಲ. "ಅದನ್ನ ಇಡಬೇಕಾದವರು ನಿಮ್ಮ ಸ್ನೇಹಿತರು, ಸರ್. ಹೊಸ ಜಡ್ಜಿನ ವಿಚಾರಿಸೋ ಸೆನೆಟ್ ಕಮಿಟಿ ಅವರ ಕೈಲಿದೆ."

ಕಾಲೇಜಿನಲ್ಲಿ ಸಂವಿಧಾನವನ್ನು ಇಬ್ಬರೂ ಒಂದೇ ಪುಸ್ತಕದಲ್ಲಿ ಓದಿದೆವು. ಆ ಇಂಗ್ಲಿಷ್ ಅರ್ಧ ಮರೆತಿದೆ. ಜಡ್ಜಿಗಳನ್ನು ಅಧ್ಯಕ್ಷ "ಶಲ್ ನಾಮಿನೇಟ್", ಮುಂದೆ ಸೆನೆಟ್ಟಿನ ಏನೋ "ಅಡ್ವೈಸ್" ಎಂದಿತ್ತು. ಕೊನೆಯ ವರ್ಷ ಬಿಟ್ಟು ಎಂದು ಎಲ್ಲೂ ಇದ್ದ ನೆನಪಿಲ್ಲ. ಇದ್ದಿದ್ದರೆ ನೀನು ಅಡಿಗೆರೆ ಎಳೆಯುತ್ತಿದ್ದೆ. ಆತನಿಗೆ ನಾನೂ ಓಟು ಹಾಕಿದವನಲ್ಲ, ಆದರೆ ಜನವರಿಯವರೆಗೆ ಆತನೇ ತಾನೆ ಅಧ್ಯಕ್ಷ? ಆತ ಆರಿಸಿದ ಜಡ್ಜಿ ಆರು ತಿಂಗಳಿಂದ ನಿನ್ನ ಬಾಗಿಲಲ್ಲಿ ಕಾಯುತ್ತಿದ್ದಾನೆ. ಒಳಗೆ ಕರೆ. ಪ್ರಶ್ನೆ ಕೇಳು. ಅವನು ಯಾವ ಕಡೆ ಕೂರುತ್ತಾನೋ ಡೋರಾಳಿಗೂ ಗೊತ್ತಿಲ್ಲ. ನಿಕೊ ವಿರುದ್ಧವೇ ಕೂರಲಿ, ಆಗ ಐದು ಜನ ಸೇರಿ ಕೊಂದರು ಎಂದಾದರೂ ಆಗುತ್ತದೆ. ಒಂದು ಖಾಲಿ ಕುರ್ಚಿ ನನ್ನ ಮಗನನ್ನು ಕೊಲ್ಲುವುದು ಬೇಡ.

ಜ್ಞಾನಸ್ನಾನದ ನೀರಿನ ಮೇಲೆ ಅವನನ್ನು ಎತ್ತಿ ಹಿಡಿದವನು ನೀನು. "ಇವನ ಹೊಣೆ ನಂದು" ಎಂದು ಪಾದ್ರಿಗೆ ಮಾತು ಕೊಟ್ಟೆ. ಅವನು ನಿನ್ನ ಹೊಸ ಅಂಗಿ ಒದ್ದೆ ಮಾಡಿದ. ಅಂದಿನಿಂದ ನಾವಿಬ್ಬರೂ ಕೊಂಪಾದ್ರೆಗಳು. ಲಕೋಟೆಯ ಮೇಲೆ ಸೆನೆಟರ್ ಎಂದು ಬರೆದೆ, ಒಳಗೆ ಬರೆಯಲು ಕೈ ಬರಲಿಲ್ಲ.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಗ್ವಾದಲೂಪೆಯ ತಾಯಿ ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ ಕೊಂಪಾದ್ರೆ,
ಲಿಯಾಂದ್ರೊ

ಮತ್ತೆ: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕುರ್ಚಿ ತುಂಬಲು ಬಿಡಬೇಡಿ ಎಂದು ನಮ್ಮೂರಿನಿಂದ ಬಂದ ಮುನ್ನೂರ ಹನ್ನೆರಡು ಸಹಿಗಳನ್ನು ಏಪ್ರಿಲ್‌ನಲ್ಲಿ ಟಿವಿಯಲ್ಲಿ ಎತ್ತಿ ತೋರಿಸಿದೆಯಲ್ಲ, ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಅವನ್ನು ಕೂಡಿಸಿದವನು ನಾನು. ನಿನಗೆ ಬಲವಾಗಲಿ ಎಂದು. ಮೊದಲ ಸಹಿಯೂ ನನ್ನದೇ. ಜೈಲಿಗೂ ಒಯ್ದು, ಗಾಜಿಗೆ ಒತ್ತಿ ಹಿಡಿದು, ಹೆಮ್ಮೆಯಿಂದ ನಿಕೊಗೆ ತೋರಿಸಿದ್ದೆ. ಪೂರ್ತಿ ಓದಿ ನಕ್ಕ. "ನಂಗೆ ಸಹಿ ಹಾಕೋ ಹಕ್ಕಿಲ್ವಲ್ಲಪ್ಪ. ಇದ್ದಿದ್ರೆ ನಿನಗೋಸ್ಕರ ಹಾಕ್ತಿದ್ದೆ" ಎಂದ.

ನನ್ನ ಸಹಿ ಹೊಡೆದುಹಾಕು, ಎವರಿಸ್ಟೊ. ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಇಲ್ಲಿ ಪೂರ್ತಿ ಕತ್ತಲೆ.