ಆಮೆಯ ಕಿಂಡಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಮರಿ,

ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೀನಿನ ಹಂಗಾಮಿಗೆಂದು ಪಕ್ಕದ ಬಂದರಿಗೆ ಹೋದವನು ನೀನೇ ಮೊದಲು ಪತ್ರ ಬರೆದೆ. ಪತ್ರಿಕೆಯಲ್ಲಿದ್ದಾಗ ದಿನಕ್ಕೊಂದು ವರದಿ ಬರೆಯುತ್ತಿದ್ದ ನನಗೆ ತಮ್ಮನಿಗೆ ನಾಲ್ಕು ಸಾಲು ಗೀಚಲು ತಿಂಗಳು ಬೇಕಾಯಿತು. ಬೈದುಕೊ. ಬೈಸಿಕೊಳ್ಳುವುದು ಈಗ ನನ್ನ ಕೆಲಸದ ಭಾಗವೇ ಆಗಿದೆ.

ಒಳ್ಳೆಯ ಸುದ್ದಿ ಮೊದಲು. ಇಲ್ಲಿನ ಅರ್ಧಕ್ಕಿಂತ ಹೆಚ್ಚು ದೋಣಿಗಳು, ಸಿಕ್ಕಿಬಿದ್ದ ಆಮೆ ಹೊರಗೆ ಹೋಗಲೆಂದು, ಬಲೆಗೆ ಆಮೆಯ ಕಿಂಡಿ ಹಾಕಿಸಿಕೊಂಡಿವೆ. ಹೋದ ವರ್ಷ ಈ ಹೊತ್ತಿಗೆ, ಬಲೆಯಲ್ಲಿ ಉಸಿರುಗಟ್ಟಿ ಸತ್ತ ಆಮೆಗಳು ದಂಡೆಯುದ್ದಕ್ಕೂ ಬಿದ್ದಿರುತ್ತಿದ್ದವು. ಈ ವರ್ಷ ಮೊಟ್ಟೆಯಿಟ್ಟು ಕಡಲಿಗೆ ಮರಳಿದ ಗುರುತುಗಳೇ ಹೆಚ್ಚು. ಮರಳಿನ ಮೇಲೆ ಯಾರೋ ಟ್ರ್ಯಾಕ್ಟರ್ ಓಡಿಸಿದ ಹಾಗೆ ಕಾಣುತ್ತದೆ. ನೋಡುತ್ತಾ ನಿಂತರೆ ಸುಮ್ಮನೆ ನಗು ಬರುತ್ತದೆ.

ಕಿಂಡಿ ಬಿಟ್ಟರೆ ಮೀನೂ ಹೋಗುತ್ತದೆ ಎಂದು ಮೀನುಗಾರರ ಸಭೆಯಲ್ಲಿ ಎಲ್ಲರೂ ನನ್ನ ಮೇಲೆ ಬಿದ್ದ ದಿನ ನೆನಪಿದೆಯಾ? ಹಿಂದಿನ ಸಾಲಿನಿಂದ ನೀನು ಎದ್ದು, "ನಮ್ಮಕ್ಕ ಚಿಕ್ಕಂದಿನಿಂದ ನನ್ನ ತಲೆ ತಿಂದಿದ್ದಾಳೆ, ನೀವೂ ಸ್ವಲ್ಪ ತಿನ್ನಿಸ್ಕೊಳ್ಳಿ. ಮೊದಲು ನನ್ನ ಬಲೆಗೆ ಹಾಕ್ಸಿ" ಎಂದೆ. ಅವತ್ತು ನಕ್ಕವರೇ ಮರುವಾರ ಬಂದರು. ಈಗಲೂ ಯಾರಾದರೂ ಹಿಂಜರಿದರೆ ನಿನ್ನ ದೋಣಿಯನ್ನೇ ತೋರಿಸುತ್ತೇನೆ.

ನಮ್ಮ ಹಳೆಯ ಸಂಪಾದಕರು ಫೋನ್ ಮಾಡಿ, ನಿನ್ನ ಕುರ್ಚಿ ಇನ್ನೂ ಕಿರುಗುಟ್ಟುತ್ತಲೇ ಇದೆ, ಬಂದು ಕೂತುಕೊ ಎಂದರು. ಒಳಗೆಲ್ಲಾದರೂ ಆಸೆ ಉಳಿದಿದೆಯಾ ಎಂದು ತಡಕಾಡಿ ನೋಡಿಕೊಂಡೆ. ಇರಲಿಲ್ಲ. ಬಲೆ ರಿಪೇರಿ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ದಿಂಬಿಗೂ ಡೀಸೆಲ್ ವಾಸನೆ. ಆದರೂ ನಿದ್ದೆ ಚೆನ್ನಾಗಿ ಬರುತ್ತಿದೆ.

ಹೋದ ವಾರ ನಿನ್ನ ಜೊತೆಗಾರರು ನಿನ್ನ ಬಲೆಯನ್ನು ರಿಪೇರಿಗೆಂದು ಕೆಳಗಿನ ಅಂಗಡಿಗೆ ಹಾಕಿ ಹೋದರು. ಕಿಂಡಿಯ ಬಗ್ಗೆ ಹಂಚುವ ಕರಪತ್ರಕ್ಕೆ ಅದರದೇ ಫೋಟೋ ಇರಲಿ ಎಂದು ಕ್ಯಾಮೆರಾ ಹಿಡಿದು ಇಳಿದೆ. ಬೆಳಕೂ ಚೆನ್ನಾಗಿತ್ತು. ಯಾಕೋ ತೆಗೆಯಲಾಗಲಿಲ್ಲ. ಅದಿರಲಿ.

ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ. ಹೊಸದು ಬರುವ ಮೊದಲು ಆ ನಗು ನೋಡಬೇಕು. ನೀನು ಹೋದ ಕಡೆಯೆಲ್ಲ ಕಡಲು ಶಾಂತವಾಗಿರಲಿ, ದೋಣಿ ತುಂಬಿ ಬರಲಿ, ಮೂವರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ನಿನ್ನ ಬಲೆಯ ಕಿಂಡಿಯನ್ನು ಹೊಲಿದು ಮುಚ್ಚಲಾಗಿತ್ತು. ಜೊತೆಗಾರರ ಕೆಲಸವಿರಬೇಕು ಎಂದು ನಂಬಲು ನೋಡಿದೆ. ಆದರೆ ಅದು ಅಪ್ಪ ನಮ್ಮಿಬ್ಬರಿಗೆ ಮಾತ್ರ ಕಲಿಸಿದ ಎಡಗೈ ಗಂಟು. ಅಂಗಡಿಯವನು ಊಟಕ್ಕೆ ಹೋಗಿದ್ದ. ಕತ್ತರಿಸಲು ಮನಸ್ಸಾಗದೆ ಒಂದೊಂದಾಗಿ ಬಿಚ್ಚಿದೆ. ಬೆರಳುಗಳಿಗೆ ಇನ್ನೂ ನೆನಪಿತ್ತು.

ಯಾರಿಗೂ ಹೇಳಿಲ್ಲ. ಹೇಳದೆ ಯಾರನ್ನು ಕಾಪಾಡುತ್ತಿದ್ದೇನೋ ನನಗೇ ತಿಳಿಯುತ್ತಿಲ್ಲ. ನಾಳೆ ಮತ್ತೆ ಸಭೆಯಿದೆ, ನಿನ್ನ ದೋಣಿಯನ್ನು ತೋರಿಸಲಾರೆ. ಬಲೆ ಒಯ್ಯಲು ನೀನೇ ಬಾ, ಮೆಟ್ಟಿಲು ಹತ್ತಿ ಮೇಲೆ ಬಾ. ಮೀನು ನಿಜವಾಗಿ ಹೋಗುತ್ತಿದ್ದರೆ ಹೇಳು, ಕಿಂಡಿಯ ಅಳತೆ ಬದಲಿಸೋಣ. ಇಲ್ಲ, ಮುಚ್ಚಲೇಬೇಕು ಎನಿಸಿದರೆ, ಅಪ್ಪನ ಗಂಟು ಮಾತ್ರ ಹಾಕಬೇಡ.