ಬೆನ್ನ ಮೇಲಿನ ಎರಡು ಗುಳ್ಳೆ

ಅಕ್ಕಾ,

ನಿನಗೆ ಹುಟ್ಟೋ ಪಾಪುವಿನ ತೊಟ್ಟಿಲ ತುಂಬಾ ಗುಂಡುಪಿನ್ನು ಚೆಲ್ಲಿದ ಹಾಗೆ ಕನಸು ಬಿತ್ತು. ಭಾನುವಾರ ಮಗಳಿಗೆ ಹೊಸ ಫ್ರಾಕು ಹೊಲಿದು ಅಳತೆ ನೋಡುವಾಗಲೇ ಬೆನ್ನಲ್ಲಿ ಎರಡು ಗುಳ್ಳೆ ಕಂಡಿದ್ದೆ. ಲಸಿಕೆ ಹಾಕಿಸಿದ್ದೇನಲ್ಲ, ನನ್ನ ಪಿನ್ನೇ ಚುಚ್ಚಿರಬೇಕು ಅಂದುಕೊಂಡು ಗುಂಡಿ ಹಾಕಿ ನಿನ್ನ ಮನೆಗೆ ಕರೆತಂದೆ. ಅವಳು ನಿನ್ನ ಹೊಟ್ಟೆಗೆ ಕಿವಿಯಿಟ್ಟು, "ದೊಡ್ಡಮ್ಮಾ, ಪಾಪು ಒದೀತು!" ಅಂದಳು. ನಾನೂ ನಕ್ಕೆ.

ಇವತ್ತು ಹತ್ತು ಗುಳ್ಳೆ. "ಲಸಿಕೆ ಹಾಕಿಸಿದ್ರೂ ಒಮ್ಮೊಮ್ಮೆ ಚಿಕನ್ ಪಾಕ್ಸ್ ಬರತ್ತಮ್ಮ. ಬಸುರಿಯರ ಹತ್ರ ಬಿಡ್ಬೇಡಿ" ಅಂದರು ಡಾಕ್ಟರು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಭಾವನ ಕೈಲಿ ಈ ಕಾಗದ ಕೊಟ್ಟಿದ್ದೇನೆ. ಆಮೇಲೆ ಬೈಯುವೆಯಂತೆ, ಮೊದಲು ಆಸ್ಪತ್ರೆಗೆ ಹೋಗು. ಒಮ್ಮೆ ಬಂದವರಿಗೆ ಮತ್ತೆ ಬರೋದು ಕಡಿಮೆಯಂತೆ; ಚಿಕ್ಕಂದಿನಲ್ಲಿ ನನ್ನ ಜೊತೆ ನಿನಗೂ ಬಂದಿತ್ತಲ್ಲವಾ? ಎಡಗಿವಿಯ ಹಿಂದೆ ಅದರ ಕಲೆ ಇದೆಯಾ, ಭಾವನಿಗೆ ನೋಡಲು ಹೇಳು.

ನಿನ್ನ ತಂಗಿ