ಮೊದಲ ಕುರ್ಚಿಯ ಮೇಲೆ ಕೂರುವವರು

೧೪ನೇ ತಾರೀಕು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಅಕ್ಷರ ಕೋಳಿ ಕೆದರಿದ ಹಾಗಿದೆ, ಒತ್ತುಗಳು ಎಲ್ಲೆಂದರಲ್ಲಿ ಬಿದ್ದಿವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಎಂದು ಕ್ಷಮಿಸಿ ಓದಿಕೊ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನಿನ ತುದಿ ಕಚ್ಚಿದ್ದೇ ಆಯಿತು. ಅಮ್ಮನ ಕೆಮ್ಮು ಕಡಿಮೆಯಾಗಿದೆ. "ಶಾಲೆಯಲ್ಲಿ ಬೆತ್ತಕ್ಕೆ ಹೆದರಿ ಓಡಿ ಬಂದವಳು, ಈಗ ಬೆತ್ತ ಹಿಡ್ಕೊಂಡೇ ಪಾಠ ಹೇಳ್ತಾಳೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಹೌದು ಅಕ್ಕ, ಬೆತ್ತದ ಕುರ್ಚಿ ಹೆಣೆಯುವುದನ್ನು ಹೊಸಬರಿಗೆ ಈಗ ನಾನೇ ಕಲಿಸುತ್ತಿದ್ದೇನೆ. ನಮ್ಮಿಬ್ಬರಿಗೂ ಕಸಬು ಕಲಿಸಿದ ಅಜ್ಜ ಬಿದ್ದು ಹಾಸಿಗೆ ಹಿಡಿದ ಮೇಲೆ ಬೇರೆ ಯಾರೂ ಒಪ್ಪಲಿಲ್ಲ. ನಾಲ್ಕು ಜನರೆದುರು ಬಾಯಿ ಬಿಡುವುದು ನನ್ನಿಂದಾಗದು ಎಂದು ನಿನಗೆ ಗೊತ್ತು. ಅದಕ್ಕೆ ಕೈಯಿಂದಲೇ ತೋರಿಸುತ್ತೇನೆ.

ನನ್ನ ಮೊದಲ ಶಿಷ್ಯರಿಗೆ ನಮ್ಮ ಅಪ್ಪನ ವಯಸ್ಸು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಹಾಗಾಗಿ ಎಲ್ಲರಿಗೂ ಕಂಡಕ್ಟರ್ ಮಾವ. ಒಂದೊಂದು ಎಳೆ ಬಿಗಿದ ಮೇಲೂ "ರೈಟ್, ಮುಂದೆ ಹೋಗು" ಎಂದು ಬೆತ್ತಕ್ಕೇ ಹೇಳುತ್ತಾರೆ. ಮೊನ್ನೆ ಅವರ ಮೊದಲ ಕುರ್ಚಿ ಮುಗಿಯಿತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆದರೆ ನನಗೇ ಧೈರ್ಯ. ಮೊದಲ ಕುರ್ಚಿಯ ಮೇಲೆ ಕಲಿಸಿದವರೇ ಕೂರಬೇಕು. ಬಗ್ಗಿ ಅಡಿ ನೋಡದೆ, ಕೈಯಿಂದ ಒತ್ತಿ ನೋಡದೆ, ಪೂರ್ತಿ ಭಾರ ಬಿಟ್ಟು. ಹರಿದು ಬಿದ್ದರೆ ಎದ್ದು ನಿಂತು, "ತಪ್ಪು ನನ್ನದು, ಮತ್ತೆ ಹೆಣೆ" ಎನ್ನಬೇಕು.

ನಮ್ಮ ಕುರ್ಚಿ ಅಂಗಡಿಯ ಯಜಮಾನರು ಒಂದು ಮರಳಿನ ಮೂಟೆ ಹೊರಿಸಿಕೊಂಡು ಬಂದರು. "ಇನ್ಮೇಲೆ ಇದನ್ನಿಟ್ಟು ನೋಡೋದು. ಒಬ್ಬರು ಮಲಗಿದ್ದು ಸಾಲದಾ?"

"ಮೂಟೆಗೆ ಭಯ ಇರಲ್ಲ, ಯಜಮಾನರೇ," ಎಂದೆ. ನನ್ನದೇ ದನಿಯೇ ಎಂದು ನನಗೇ ಅನುಮಾನವಾಯಿತು.

"ಅದಕ್ಕೇ ಅದು ವಾಸಿ. ನೀನು ಕೂತೆ ಅಂದ್ರೆ, ಕಲಿಸೋ ಕೆಲಸ ಬೇರೆಯವರಿಗೆ ಹೋಯ್ತು ಅಂತ ತಿಳ್ಕೋ."

ಸಂಜೆ ಅಜ್ಜನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದರು. "ಕಲಿಸೋದು ಅಂದ್ರೆ ಬರೀ ಎಳೆ ತೋರಿಸೋದಾ? ನಿಮ್ಮನ್ನ ನಂಬಿದ್ದೀನಿ ಅಂತ ಮೈಯಿಂದ ಹೇಳ್ಬೇಕು ಮಗಳೇ. ಬಾಯಿ ನಿನಗೆ ಹೇಗೂ ಇಲ್ಲ." ತಮ್ಮ ಮಾತಿಗೆ ತಾವೇ ನಕ್ಕು, ಸೊಂಟ ನೊಂದು ಮುಖ ಕಿವುಚಿದರು. ಆಮೇಲೆ ಮೆಲ್ಲಗೆ ಹೇಳಿದರು, "ಕೂರೋ ಮುಂಚೆ ಕುರ್ಚಿ ಗಟ್ಟಿ ಇರಲಿ ಅಂತ ದೇವರನ್ನ ಕೇಳ್ಬೇಡ. ನನ್ನ ಭಾರ ಇವರು ಹೊರಲಿ, ನನ್ನ ಜಂಭ ಇವರ ಮೇಲೆ ಬೀಳದೇ ಇರಲಿ ಅಂತ ಕೇಳು."

ಮಾರನೆಯ ದಿನ ಕಂಡಕ್ಟರ್ ಮಾವ ಕುರ್ಚಿಗೆ ಅಡ್ಡ ನಿಂತರು. "ಬೇಡ ಮಗಳೇ. ಜೀವಮಾನವೆಲ್ಲ ಜನಕ್ಕೆ ಸೀಟು ಕೊಟ್ಟೋನು ನಾನು. ಈ ಸೀಟು ಮಾತ್ರ ಕೊಡಲ್ಲ."

"ಟಿಕೆಟ್ ತಗೊಂಡಾಗಿದೆ ಮಾವ. ಸ್ವಲ್ಪ ಜರುಗಿ."

ಕಣ್ಣು ಮುಚ್ಚಿ, ಅಜ್ಜ ಹೇಳಿದ್ದನ್ನೇ ಬೇಡಿಕೊಂಡು ಕೂತೆ. ಬೆತ್ತ ಕಿರ್ರೆಂದಿತು. ತಡೆಯಿತು. ಕಣ್ಣು ತೆರೆದಾಗ ಮಾವ ಗೋಡೆಯ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು ಕೂತರು. ಮೂಟೆ ಅಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ. ಕಲಿಸುವ ಕೆಲಸದಿಂದ ತೆಗೆದರೆ ತೆಗೆಯಲಿ, ಇರುವಷ್ಟು ದಿನ, ಯಾರ ಮೊದಲ ಕುರ್ಚಿಯ ಮೇಲಾದರೂ ನಾನೇ ಕೂರುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಆ ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತೇ ಇರಬೇಡ. ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಮೂಗಿ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಜ್ಜ ಬಿದ್ದದ್ದು ನಿನ್ನ ಮೊದಲ ಕುರ್ಚಿಯಿಂದ. ನಮ್ಮ ಕಾಗದಗಳಲ್ಲಿ ಇಷ್ಟು ದಿನ ನೀನೂ ಅದನ್ನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನೀನು ಅವತ್ತೇ ಅತ್ತೆಯ ಊರಿಗೆ ಹೊರಟುಬಿಟ್ಟೆ. ಅಜ್ಜನಿಗೆ ಸಿಟ್ಟಿಲ್ಲ ಅಕ್ಕ. "ನಾನು ಹೇಳ್ಬೇಕಾದ ಮಾತು ಬಾಕಿ ಇದೆ. ಎದ್ದು ನಿಲ್ಲೋಕಾಗಲಿಲ್ಲ, ಅಷ್ಟರಲ್ಲಿ ಅವಳು ಹೋಗ್ಬಿಟ್ಟಳು" ಎಂದು ದಿನಾ ಅನ್ನುತ್ತಾರೆ. ಇನ್ನು ಅವರು ಎದ್ದು ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಲಗಿಕೊಂಡು ಹೇಳಿದರೂ ಅದು ಅದೇ ಮಾತಲ್ಲವೇ? ಬಾ. ಇವತ್ತು ಬೆಳಿಗ್ಗೆ ನಿನ್ನ ಕುರ್ಚಿಯನ್ನು ಅಟ್ಟದಿಂದ ಇಳಿಸಿದೆ. ಹರಿದ ಎಳೆಗಳನ್ನು ಕತ್ತರಿಸಿ ತೆಗೆದು, ಚೌಕಟ್ಟಿನ ತೂತುಗಳನ್ನೆಲ್ಲ ಚೊಕ್ಕ ಮಾಡಿಟ್ಟೆ.